ಜಗಲಿಯಷ್ಟು ಅಗಲದ ಗಾಡಿ

ಇಪ್ಪತ್ತು ವರ್ಷ ಊರವರ ಕುಂಡಿಗೆಲ್ಲ ಮೆತ್ತೆ ಮಾಡಿಕೊಟ್ಟವನು ನಾನು. ನಾಚಿಕೊಂಡು ಹೇಳುತ್ತಿಲ್ಲ, ಎದೆ ಉಬ್ಬಿಸಿಕೊಂಡೇ ಹೇಳುತ್ತಿದ್ದೇನೆ. ಎಂಬತ್ತರ ದಶಕದ ಮೊದಲಿಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ನಾಲ್ಕು ತಗಡು ಹೊದಿಸಿ, ಗಾಡಿಗಳ ಸೀಟು ಹೊಲಿಯುವ ಅಂಗಡಿ ಇಟ್ಟೆ. ಲಾರಿ, ಟ್ರ್ಯಾಕ್ಟರು, ಜೀಪು, ಬಸ್ಸು, ಯಾವುದು ಬಂದರೂ ಹಳೇ ಸೀಟು ಬಿಚ್ಚಿ, ತೆಂಗಿನ ನಾರು ತುಂಬಿ, ಮೇಲೆ ಸ್ಪಂಜು ಇಟ್ಟು, ರೆಕ್ಸಿನ್ ಬಿಗಿದು ಕೊಡುತ್ತಿದ್ದೆ. ಪಾಲಾರ್ ದಾಟಿ ತಮಿಳುನಾಡಿಗೆ ಹೋಗುವ ಲಾರಿ ಡ್ರೈವರುಗಳು ವಾಪಸು ಬಂದಾಗ ಅಂಗಡಿ ಮುಂದೆ ನಿಲ್ಲಿಸಿ, "ಮೇಸ್ತ್ರಿ, ನಿಮ್ಮ ಸೀಟಲ್ಲಿ ಕೂತ್ರ ಘಾಟಿ ಇಳ್ದದ್ದೇ ಗೊತ್ತಾಗಲ್ಲ ಕಣ್ರಿ" ಅನ್ನುತ್ತಿದ್ದರು. ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಾಗಿರಲಿಲ್ಲ.

ಸ್ಕೂಲು ಬಿಟ್ಟಿದ್ದಕ್ಕೆ ಒಂದೇ ತೊಂದರೆ ಅಂದರೆ ಅಡಿ, ಅಂಗುಲ ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಟೇಪು ಹಿಡಿದು ಓದಿದ ಅಂಕಿ ಕತ್ತರಿ ಹಿಡಿಯುವಷ್ಟರಲ್ಲಿ ಮರೆತುಹೋಗುತ್ತಿತ್ತು. ಅದಕ್ಕೆ ನನ್ನದೇ ಒಂದು ದಾರಿ ಮಾಡಿಕೊಂಡಿದ್ದೆ. ಗೋಣಿ ಹೊಲಿಯುವ ದಾರಕ್ಕೆ ಜೇನುಮೇಣ ಉಜ್ಜಿ, ಸೀಟಿನ ಒಂದು ಅಂಚಿಗೆ ಹಿಡಿದು, ಇನ್ನೊಂದು ಅಂಚಿಗೆ ಬಂದಾಗ ಗಂಟು ಹಾಕುತ್ತಿದ್ದೆ. ಒಂದೊಂದು ಗಾಡಿಗೆ ಒಂದೊಂದು ದಾರ. ಗೋಡೆಯ ಮೊಳೆಗಳಲ್ಲಿ ದಾರಗಳು ಜಡೆಯ ಹಾಗೆ ನೇತಾಡುತ್ತಿದ್ದವು. ಯಾರಾದರೂ ನಕ್ಕರೆ, "ಟೇಪು ಎಳೆದರೆ ಹಿಗ್ಗುತ್ತದೆ, ಗಂಟು ಸುಳ್ಳು ಹೇಳುವುದಿಲ್ಲ" ಅನ್ನುತ್ತಿದ್ದೆ. ಆ ಮಾತು ಒಂದು ದಿನ ನನ್ನ ಮೇಲೇ ಬಂದು ಬೀಳುತ್ತದೆ ಅಂತ ಯಾರಿಗೆ ಗೊತ್ತಿತ್ತು.

ನಮ್ಮ ಅವ್ವನಿಗೆ ಒಬ್ಬಳೇ ತಂಗಿ. ಲೊಕ್ಕನಹಳ್ಳಿಗೆ ಕೊಟ್ಟಿತ್ತು. ಅವರಿಬ್ಬರ ತಾಯಿ ಬೇಗ ತೀರಿಕೊಂಡಿದ್ದರಿಂದ ಚಿಕ್ಕಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವಳು ಅವ್ವನೇ. ಮದುವೆಯಲ್ಲಿ ತಾಯಿ ಜಾಗದಲ್ಲಿ ನಿಂತವಳೂ ಅವಳೇ. ಚಿಕ್ಕಮ್ಮನ ಹೊಲ ಕಾಡಿನ ಅಂಚಿನಲ್ಲಿತ್ತು. ಆನೆ ಬಂತು, ಹಂದಿ ಬಂತು ಅಂತ ಬೆಳೆ ಕಾಯುವುದೇ ಅವಳ ಬದುಕು. ದನ ಬೇರೆ. ಹೀಗಾಗಿ ಅವಳು ಇತ್ತ ಬರುವುದು ಅಪರೂಪ, ಹೋದರೆ ಅವ್ವನೇ ಹೋಗಬೇಕು.

ಅವ್ವನಿಗೆ ಮಂಡಿ ಹಿಡಿದುಕೊಂಡ ಮೇಲೆ, ಬಸ್ಸಿನಲ್ಲಿ ಕೂತರೆ ಕಾಲು ಊದಿಕೊಳ್ಳುವುದಕ್ಕೆ ಶುರುವಾದ ಮೇಲೆ, ಆ ಹೋಗುವುದೂ ನಿಂತಿತು. ಒಮ್ಮೆ ಬಾಡಿಗೆ ಕಾರು ಮಾಡಿಕೊಂಡು ಮನೆಯವರೆಲ್ಲ ಹೊರಟೆವು. ಹಿಂದಿನ ಸೀಟಿನಲ್ಲಿ ಆರು ಜನ ಒತ್ತಿಕೊಂಡು ಕೂತಿದ್ದರು, ಅವ್ವ ಬಾಗಿಲ ಪಕ್ಕ ಸಿಕ್ಕಿಕೊಂಡಿದ್ದಳು. ಹನೂರು ಮುಟ್ಟುವಷ್ಟರಲ್ಲಿ ಅವಳ ಕಾಲಿನ ಚಪ್ಪಲಿ ಬಿಚ್ಚುವುದಕ್ಕೆ ಬರಲಿಲ್ಲ. ಅಷ್ಟು ಊದಿತ್ತು. ಮೊಣಕಾಲಿನ ಕೆಳಗೆ ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಹನೂರಿನಲ್ಲಿ ಎಳನೀರು ಕುಡಿಸಿ ಅಲ್ಲಿಂದಲೇ ವಾಪಸು ಕರೆತಂದೆವು. ದಾರಿಯುದ್ದಕ್ಕೂ ಅವಳು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದಳು.

"ನನ್ ಕಾಲು ನನ್ ಮಾತ ಕೇಳದ ಬುಟ್ಬುಡ್ತು ಕಣ್ಲಾ ಮಗ," ಅಂದಳು. ಮುಂದೆ ಮೂರು ವರ್ಷ ಎಲ್ಲಿಗೂ ಹೊರಡಲಿಲ್ಲ.

ಆಮೇಲೆ ಆ ವರ್ಷ, ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಚಿಕ್ಕಮ್ಮ ತಾರಸಿ ಮನೆ ಕಟ್ಟಿಸಿದಳು. ಮಣ್ಣಿನ ಗೋಡೆಯಲ್ಲೇ ಮೂವತ್ತು ವರ್ಷ ಕಳೆದವಳಿಗೆ ಅದು ಅರಮನೆ. ಒಕ್ಕಲು ಹೋಗುವುದಕ್ಕೆ ಆಷಾಢ ಬರುವುದರೊಳಗೆ ಒಂದು ದಿನ ಗೊತ್ತು ಮಾಡಿ, ಲೊಕ್ಕನಹಳ್ಳಿ ಕಡೆಯಿಂದ ಬರುವ ಬಸ್ಸಿನ ಡ್ರೈವರ್ ಕೈಲಿ ಹೇಳಿ ಕಳಿಸಿದಳು. ಆ ಡ್ರೈವರ್ ನನ್ನ ಗಿರಾಕಿ. ಬಸ್ಸು ನಿಲ್ಲಿಸಿ, ಅಂಗಡಿಗೆ ಬಂದು, ಚಿಕ್ಕಮ್ಮನ ದನಿಯಲ್ಲೇ ಒಪ್ಪಿಸಿದ: "ಅಕ್ಕ ಬಂದು ಹಾಲುಕ್ಕಿಸ್ನಿಲ್ಲ ಅಂದ್ರ ಆ ಮನೆಗ ನಾ ಕಾಲಿಕ್ಕಲ್ಲ, ಅಲ್ಲಿ ದನ ಕಟ್ಕತೀನಿ ಅಂತ ಹೇಳ್ಬುಡು ಅಂದ್ರು ಕಣ್ರಿ ಮೇಸ್ತ್ರಿ. ದನ ಕಟ್ಟೋ ಹೆಂಗ್ಸೇ ಅದು, ನೋಡ್ಕಳಿ."

ಚಿಕ್ಕಮ್ಮನ ಹಟ ನನಗೆ ಗೊತ್ತು. ಕಟ್ಟಿದರೂ ಕಟ್ಟಿದಳೇ.

ಸಂಜೆ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿಬಿಟ್ಟೆ: "ಗಾಡಿ ತಗೊಳ್ಳೋಣ. ನಮ್ಮದೇ ಗಾಡಿ. ಒಂಬತ್ತು ಜನವೂ ಕಾಲು ಚಾಚಿಕೊಂಡು ಕೂರುವಂಥದ್ದು."

ಒಂಬತ್ತು ಅಂದರೆ ಅವ್ವ, ನಾನು, ನನ್ನ ಹೆಂಡತಿ, ಮೂವರು ಹೆಣ್ಣುಮಕ್ಕಳು, ನನ್ನ ತಮ್ಮ, ಅವನ ಹೆಂಡತಿ, ಅವರ ಕೈಗೂಸು. ತಮ್ಮ ಲಾರಿ ಓಡಿಸುವವನು, ಹಾಗಾಗಿ ಡ್ರೈವರ್ ಮನೆಯಲ್ಲೇ ಇದ್ದ. ಇಷ್ಟು ವರ್ಷ ಗೇಯ್ದು ಕೂಡಿಟ್ಟದ್ದೂ ಒಂದಿಷ್ಟಿತ್ತು. ಮಾತು ಬಾಯಿಂದ ಬಿದ್ದದ್ದೇ ಮಕ್ಕಳು ತಟ್ಟೆ ಬಿಟ್ಟು ಎದ್ದರು. ಯಾರು ಕಿಟಕಿ ಪಕ್ಕ ಕೂರಬೇಕು ಅನ್ನುವುದಕ್ಕೆ ಅಲ್ಲೇ ಜಗಳ. ಗಾಡಿಯ ಗಾಳಿಯೂ ಮನೆಗೆ ಸೋಕಿರಲಿಲ್ಲ, ಆಗಲೇ ದೊಡ್ಡವಳು ಎಡಗಡೆಯ ಕಿಟಕಿ ಹಿಡಿದಾಗಿತ್ತು. ತಮ್ಮ ಮಾತ್ರ ಸಾರು ಕಲಸುತ್ತಾ ಅಂದ: "ಒಂದಿನಕ್ಕ ಬಾಡ್ಗೆ ಗಾಡಿ ಮಾಡ್ಕಂಡ್ರ ಆಗಲ್ವಣ್ಣ?"

"ಬಾಡಿಗೆ ಗಾಡಿಯಲ್ಲಿ ಆದದ್ದು ನೋಡಿದೆಯಲ್ಲ," ಅಂದೆ. "ಜಾಗ ಸಾಲದೇ ಅವ್ವನ ಕಾಲು ಊದಿದ್ದು. ಜಾಗ ಇರೋ ಗಾಡಿ ಬೇಕು. ಸೀಟಿನ ವಿಷಯದಲ್ಲಿ ನನಗೆ ಹೇಳಿಕೊಡಬೇಡ."

ಮಾರನೇ ದಿನ ಭಾನುವಾರ. ಮನೆಯವರನ್ನೆಲ್ಲ ಅಳತೆಗೆ ಕರೆದೆ. ನಮ್ಮ ಮನೆ ಮುಂದೆ ಉದ್ದಕ್ಕೂ ಕಲ್ಲಿನ ಜಗಲಿ ಇದೆ. ಹೋಗಿಬರುವವರೆಲ್ಲ ಅದರ ಮೇಲೇ ಕೂರುವುದು, ಅಕ್ಕಿ ಆರಿಸುವುದು, ಕೂಸು ಮಲಗಿಸುವುದು ಎಲ್ಲ ಅಲ್ಲೇ. ಹಿಂದೆ ಕೂರಬೇಕಾದ ಮೂವರು ದೊಡ್ಡವರು ಅವ್ವ, ನನ್ನ ಹೆಂಡತಿ, ತಮ್ಮನ ಹೆಂಡತಿ. ಮೂವರನ್ನೂ ಸಾಲಾಗಿ ಕೂರಿಸಿ, ಅವ್ವನ ಈ ಪಕ್ಕದಿಂದ ತಮ್ಮನ ಹೆಂಡತಿಯ ಆ ಪಕ್ಕದವರೆಗೆ ಮೇಣದ ದಾರ ಹಿಡಿದು, ಬಿಗಿಯಾಗಿ ಒಂದು ಗಂಟು ಹಾಕಿದೆ. ಅವ್ವ ಎಷ್ಟು ಎತ್ತರದ ಮೆಟ್ಟಿಲು ಹತ್ತಬಲ್ಲಳು ಅಂತ ನೋಡಿ, ಅದಕ್ಕೊಂದು ಬೇರೆ ಚಿಕ್ಕ ದಾರ. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತು ನೋಡಿದರು.

"ಏನವ್ವ, ಈ ವಯಸ್ನಲ್ಲಿ ರವಿಕೆ ಹೊಲಿಸ್ತಾ ಇದೀಯಾ?" ಎದುರುಮನೆಯವಳು ಕೇಳಿದಳು.

"ಇಲ್ಲ ಕಣವ್ವ," ಅವ್ವ ಅಂದಳು, "ನನ್ ಮಗ ನಂಗ ಸೀಟ್ ಹೊಲಿತಾವ್ನ. ಲಾರಿಯೋರಿಗೆಲ್ಲ ಆದ್ಮ್ಯಾಲ ನನ್ ಸರದಿ ಬಂತು."

ನಗುತ್ತಲೇ ಅಂದಳು. ನನಗೆ ಚುಚ್ಚಿತು, ಹುರುಪೂ ಬಂತು.

ಮೊದಲು ಕೊಳ್ಳೇಗಾಲದಲ್ಲೇ ಒಬ್ಬ ಬ್ರೋಕರನ ಹತ್ತಿರ ಹೋದೆ. ಹುಣಸೆ ಮರದ ಕೆಳಗೆ ನಿಲ್ಲಿಸಿದ್ದ ಬಿಳಿ ಕಾರೊಂದನ್ನು ತೋರಿಸಿದ. ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

"ಡಾಕ್ಟ್ರು ಗಾಡಿ ಅಣ್ಣ. ಆಸ್ಪತ್ರೆ ದಾರಿ, ಮನೆ ದಾರಿ ಬುಟ್ರ ಬ್ಯಾರೆ ದಾರಿ ಕಂಡಿಲ್ಲ ಇದು. ಕೂತ್ರ ಎದ್ದೇಳಕ ಮನಸ್ಸಾಗಲ್ಲ."

ನಾನು ಎಂಜಿನ್ ನೋಡಲಿಲ್ಲ, ಟೈರು ಒದೆಯಲಿಲ್ಲ. ನೇರ ಹಿಂದಿನ ಬಾಗಿಲು ತೆಗೆದು, ದಾರದ ಒಂದು ತುದಿಯನ್ನು ಬಲಗಡೆಯ ಬಾಗಿಲಿಗೆ ಒತ್ತಿ, ಎಡಕ್ಕೆ ಎಳೆದೆ. ಗಂಟು ಕಾರಿನ ಆಚೆ ಹೋಯಿತು. ಅರ್ಧ ಅಂಗೈ ಅಲ್ಲ, ಎರಡು ಗೇಣಿಗೂ ಹೆಚ್ಚು, ಕಿಟಕಿಯಿಂದ ಹೊರಗೆ. ಬ್ರೋಕರನು ಹೊರಗೆ ನೇತಾಡುವ ಗಂಟನ್ನು ನೋಡಿದ, ನನ್ನನ್ನು ನೋಡಿದ.

"ಏನಣ್ಣ ಇದು, ಕಾರ್ಗ ಉಡಿದಾರ ಕಟ್ತಾ ಇದ್ದೀರಾ?"

"ಮನೆಯವರ ಅಳತೆ," ಅಂದೆ.

"ಇಷ್ಟ್ ದಪ್ಪಕ ಇದ್ದಾರಾ ಮನೇಲಿ?"

ದಾರ ಸುತ್ತಿಕೊಂಡು ಬಂದೆ.

ಆ ವಾರವೆಲ್ಲ ಅದೇ ಕೆಲಸ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ, ಎಲ್ಲಿ ಗಾಡಿ ಮಾರುವುದಿದೆ ಅಂದರೆ ಅಲ್ಲಿಗೆ ಹೋಗುವುದು. ನಿಜ ಹೇಳಬೇಕೆಂದರೆ ನನಗೆ ಅಷ್ಟು ಖುಷಿ ಮದುವೆ ಗೊತ್ತಾದಾಗಲೂ ಆಗಿರಲಿಲ್ಲ. ಇಷ್ಟು ವರ್ಷ ಬೇರೆಯವರ ಗಾಡಿಗೆ ಬಗ್ಗಿ ನಿಂತು ಮೊಳೆ ಹೊಡೆದವನು, ಈಗ ಸೊಂಟಕ್ಕೆ ಕೈಕೊಟ್ಟು "ಬಾಗಿಲು ತೆಗೆದು ತೋರಿಸಿ" ಅನ್ನುತ್ತಿದ್ದೆ. ರಾತ್ರಿ ಕಣ್ಣು ಮುಚ್ಚಿದರೆ ಬಣ್ಣ ಬಣ್ಣದ ರೆಕ್ಸಿನ್ ಕಾಣುತ್ತಿತ್ತು.

ಹನೂರಿನಲ್ಲಿ ಒಂದು ಜೀಪು ಇದೆ ಅಂತ ತಮ್ಮ ಹೇಳಿದ. ಬಸ್ಸು ಹತ್ತಿ ಹೋದೆ. ಜೀಪಿನವನು ಒಳ್ಳೇ ಮಾತುಗಾರ, ಹಿಂದಿನ ಅಡ್ಡ ಸೀಟನ್ನು ಕೈಯಿಂದ ತಟ್ಟಿ ತೋರಿಸಿದ.

"ಇಪ್ಪತ್ ಜನ ತುಂಬ್ಕಂಡು ಬಂಡಳ್ಳಿ ಮದ್ವಗ ಓಗಿವ್ನಿ ಸಾ. ಎಂಜಿನ್ನು ಉಸ್ ಅನ್ನಿಲ್ಲ. ಸೀಟ್ ನೋಡಿ, ಕೊಳ್ಳೇಗಾಲದಲ್ಲಿ ಒಬ್ಬ ಮೇಸ್ತ್ರಿ ಅವ್ನ, ಅವ್ನ್ ಕೈದು. ಆರೊರ್ಸ ಆಯ್ತು, ಒಂದ್ ದಾರ ಕಿತ್ತಿಲ್ಲ."

ಬಗ್ಗಿ ನೋಡಿದೆ. ಅಂಚಿನ ಮಡಿಕೆ ನನ್ನದೇ. ಎರಡು ಹೊಲಿಗೆ ಹಾಕಿ ಮೂರನೆಯದನ್ನು ಒಳಗೆ ಮುಚ್ಚುವುದು ನನ್ನೊಬ್ಬನದೇ ರೀತಿ.

"ಆ ಮೇಸ್ತ್ರಿ ನಾನೇ," ಅಂದೆ, ಆದಷ್ಟು ಮೆಲ್ಲಗೆ.

ಅವನು ಎರಡು ಕೈ ಜೋಡಿಸಿದ. ನಾನು ದಾರ ತೆಗೆದು ಹಿಡಿದೆ. ಮತ್ತೆ ಗಂಟು ಆಚೆ. ಮೆಟ್ಟಿಲಿನ ಚಿಕ್ಕ ದಾರವೂ ಅರ್ಧಕ್ಕೇ ನಿಂತಿತು, ಅವ್ವನನ್ನು ಅದಕ್ಕೆ ಹತ್ತಿಸಬೇಕೆಂದರೆ ಇಬ್ಬರು ಎತ್ತಬೇಕು. ಜೀಪಿನವನು ಜೋಡಿಸಿದ ಕೈ ಬಿಟ್ಟ.

"ಅಂಗಾರ ನಿಮ್ಮ ಕೈ ಸೀಟು ನಿಮ್ಮ ಮನೇರ್ಗೇ ಸಾಲಲ್ವ ಸಾ?"

ವಾಪಸು ಬರುವ ಬಸ್ಸಿನಲ್ಲಿ ಇಡೀ ದಾರಿ ಆ ಮಾತೇ ಕಿವಿಯಲ್ಲಿ. ಒಕ್ಕಲಿಗೆ ಹನ್ನೆರಡು ದಿನ ಉಳಿದಿತ್ತು. ಮನೆಗೆ ಬಂದರೆ ಅವ್ವ ಆಗಲೇ ಚಿಕ್ಕಮ್ಮನಿಗೆ ಕೊಡುವುದಕ್ಕೆ ಹೊಸ ಹಿತ್ತಾಳೆ ಪಾತ್ರೆಯೊಂದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಹಾಲು ಉಕ್ಕಿಸುವ ಪಾತ್ರೆ. "ಸಿಕ್ತಾ?" ಅಂತ ಕೇಳಲಿಲ್ಲ. ನನ್ನ ಮುಖ ನೋಡಿ ಇನ್ನೂ ಜೋರಾಗಿ ಉಜ್ಜಿದಳು.

ಯಳಂದೂರಿನ ಗಾಡಿಯ ಸುದ್ದಿ ಬಂದದ್ದು ಅದರ ಮಾರನೇ ದಿನ. ಒಬ್ಬ ರಿಟೈರಾದ ಬಸ್ ಕಂಡಕ್ಟರು ತನ್ನ ವ್ಯಾನು ಮಾರುತ್ತಾನೆ ಅಂದರು. ಹೋಗಿ ನೋಡಿದರೆ, ಮನೆ ಮುಂದಿನ ಹೊಂಗೆ ನೆರಳಲ್ಲಿ ಕೆನೆಹಾಲಿನ ಬಣ್ಣದ ವ್ಯಾನು. ಪಕ್ಕದಲ್ಲಿ ಜಾರುವ ಬಾಗಿಲು, ಕೆಳಗೆ ತಗ್ಗಿನ ಮೆಟ್ಟಿಲು. ಚಿಕ್ಕ ದಾರ ಹಿಡಿದೆ, ಸರಿಯಾಗಿ ಕೂತಿತು. ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಬಹುದು. ದೊಡ್ಡ ದಾರ ತೆಗೆದು ಸೀಟಿಗೆ ಅಡ್ಡ ಹಿಡಿದೆ.

ಇದರಲ್ಲೂ ಆಚೆ.

ಇನ್ನೊಮ್ಮೆ ಹಿಡಿದೆ. ಗಂಟು ಅಷ್ಟೇ ದೂರ. ಕಂಡಕ್ಟರು ಜಗಲಿಯ ಕಂಬಕ್ಕೆ ಒರಗಿ, ಎಲೆಯಡಿಕೆ ಹಾಕಿಕೊಂಡು ನೋಡುತ್ತಿದ್ದವರು ಎದ್ದು ಬಂದರು.

"ಇದು ಎಷ್ಟು ಜನದ ಅಳತೆ?"

"ಮೂರು ಜನದ್ದು."

"ಮೂರು ಆನೆದಾ?"

ಅವರು ದಾರವನ್ನು ತಾವೇ ಕೈಗೆ ತೆಗೆದುಕೊಂಡು, ಎಳೆದು ನೋಡಿ, ಎಲೆಯಡಿಕೆ ಉಗುಳಿ ಬಂದು ಕೇಳಿದರು: "ಎಲ್ಲಿ ಕೂರಿಸಿ ತಕಂಡ್ರಿ ಈ ಅಳತೆಯ?"

"ನಮ್ಮ ಜಗಲಿ ಮೇಲೆ."

"ಎಂಗೆ ಕೂತಿದ್ರು?"

ಕಣ್ಣ ಮುಂದೆ ಬಂತು: ಅವ್ವ, ನನ್ನ ಹೆಂಡತಿ, ತಮ್ಮನ ಹೆಂಡತಿ, ಮೂವರೂ ಚಕ್ಕಳಮಕ್ಕಳ ಹಾಕಿಕೊಂಡು, ಸೀರೆ ಹರವಿಕೊಂಡು, ಮಂಡಿಗೆ ಮಂಡಿ ತಾಗಿಸಿಕೊಂಡು. ಜಗಲಿ ಮೇಲೆ ಯಾರಾದರೂ ಬೇರೆ ಹೇಗೆ ಕೂರುತ್ತಾರೆ? ನಾನು ಅಳೆದದ್ದು ಸೊಂಟವನ್ನಲ್ಲ, ಮಂಡಿಗಳನ್ನು.

"ಮೂವತ್ತೊರ್ಸ ಟಿಕೆಟ್ ಅರ್ದಿವ್ನಿ ನಾನು," ಕಂಡಕ್ಟರು ಅಂದರು. "ಮಂಡಿ ಮಡಚ್ದೋನಿಗ ಎರಡು ಸೀಟು, ಇಳಿಬುಟ್ಟೋನಿಗ ಒಂದು. ಇದು ಗೊತ್ತಿಲ್ದ ಬಸ್ಸು ತುಂಬಕ ಆದದಾ? ನೀವೇನ್ ಕೆಲ್ಸ ಮಾಡದು?"

"ಏನೋ ಸಣ್ಣ ವ್ಯಾಪಾರ," ಅಂದೆ. ಜೀವನದಲ್ಲಿ ಒಂದೇ ಸಲ ನನ್ನ ಕಸುಬು ಹೇಳಿಕೊಳ್ಳದೆ ಬಂದದ್ದು ಅಂದರೆ ಅವತ್ತೇ.

ಮನೆಗೆ ಬಂದವನೇ ಅಂಗಡಿಯಿಂದ ಬೆಂಚು ತರಿಸಿ, ಮೂವರನ್ನೂ ಮತ್ತೆ ಕರೆದೆ.

"ಮತ್ತ ಯಾಕೆ ಅಳತೆ?" ಹೆಂಡತಿ ಕೇಳಿದಳು.

"ದಾರ ಸವೆದಿದೆ."

"ದಾರ ಸವ್ದದೋ, ಮೇಸ್ತ್ರು ಸವ್ದವ್ರೋ," ಅಂತ ತಮ್ಮನ ಹೆಂಡತಿಗೆ ಕೇಳುವ ಹಾಗೆ ಅಂದು, ಕಾಲು ಕೆಳಗೆ ಬಿಟ್ಟು ಕೂತಳು. ಅದೇ ದಾರದಲ್ಲಿ ಎರಡನೇ ಗಂಟು ಹಾಕಿದೆ. ಮೊದಲ ಗಂಟಿಗಿಂತ ಎಷ್ಟೋ ಇತ್ತ ಬಂತು. ಗಂಟು ಬಿಗಿದದ್ದೇ ತಡ, ಅವ್ವ ಎರಡು ಕಾಲನ್ನೂ ಬೆಂಚಿನ ಮೇಲಕ್ಕೆ ಎಳೆದುಕೊಂಡು ಮಡಚಿಕೊಂಡಳು. ನಾನು ನೋಡಿದೆ, ಆದರೆ ನೋಡಿಯೂ ನೋಡಲಿಲ್ಲ. ಕೆನೆಹಾಲಿನ ಬಣ್ಣದ ವ್ಯಾನೇ ತಲೆ ತುಂಬಿಕೊಂಡಿತ್ತು.

ಎರಡನೇ ದಿನ ತಮ್ಮನನ್ನು ಕರೆದುಕೊಂಡು ಯಳಂದೂರಿಗೆ ಹೋದೆ. ತಮ್ಮ ಎಂಜಿನ್ ಕೇಳಿದ, ಗೇರು ಹಾಕಿ ನೋಡಿದ, ಕೆಳಗೆ ಮಲಗಿ ನೋಡಿದ, ತಲೆ ಆಡಿಸಿದ. ಮಾತು ಕುದುರಿತು. ಕಂಡಕ್ಟರ ಹೆಂಡತಿ ಗಾಡಿಗೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಕೀಲಿ ಕೈಗೆ ಬಂದಾಗ ಅದನ್ನು ಕಣ್ಣಿಗೊತ್ತಿಕೊಂಡು ತಮ್ಮನಿಗೆ ಕೊಟ್ಟೆ. ಕೊಳ್ಳೇಗಾಲದವರೆಗೆ ಗದ್ದೆಯ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸೈಕಲ್ಲಿನಲ್ಲಿ ಹೋಗುವವರಿಗೆಲ್ಲ ತಮ್ಮ ಹಾರ್ನ್ ಹೊಡೆದ, ಅಗತ್ಯ ಇದ್ದವರಿಗೂ, ಇಲ್ಲದವರಿಗೂ.

"ಡ್ರೈವರಣ್ಣ, ಒಂದ್ ಸಲ ಹಿಂದ್ಗಡೆ ಹೋಗಿ ಕೂತ್ಕಳ್ಲಾ? ಓನರ್ ಥರ?" ಅಂತ ತಮ್ಮನಿಗೆ ತಮಾಷೆ ಮಾಡಿದೆ. ದಾರಿಯಲ್ಲಿ ನಿಲ್ಲಿಸಿ ಹಿಂದೆ ಹೋಗಿ ಕೂತೆ. ಮೂರೂ ಸಾಲಿನಲ್ಲಿ, ಒಂದಾದ ಮೇಲೆ ಒಂದು, ಎಲ್ಲ ಸೀಟಿನಲ್ಲೂ ಕೂತೆ.

ಬೀದಿಗೆ ಬಂದಾಗ ಮಕ್ಕಳು ಗಾಡಿ ಜೊತೆಗೇ ಓಡಿ ಬಂದರು. ಆರತಿ ಎತ್ತಿದರು. ಅವ್ವ ಹೊಸ ಸೀರೆ ಉಟ್ಟು ನಿಂತಿದ್ದಳು. ಯಾರ ಕೈಯನ್ನೂ ಹಿಡಿಯದೆ ಹತ್ತಿದಳು. ಮಧ್ಯದ ಸೀಟಿನಲ್ಲಿ, ಎರಡೂ ಪಕ್ಕ ಜಾಗ ಬಿಟ್ಟು, ರಾಣಿಯ ಹಾಗೆ ಕೂತಳು. ಸುಮ್ಮನೆ ಒಂದು ಸುತ್ತು ಅಂತ ಹನೂರು ದಾರಿಯಲ್ಲಿ ಹೊರಟೆವು. ಒತ್ತಿಕೊಂಡು ಕೂರುವುದಿಲ್ಲ, ಯಾರ ಮೊಣಕೈ ಯಾರಿಗೂ ತಾಗುವುದಿಲ್ಲ. ನಾನು ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ತಿರುಗಿ ಅವಳ ಮುಖವನ್ನೇ ನೋಡುತ್ತಿದ್ದೆ.

"ಚೆನ್ನಾಗದ ಕಣ್ ಮಗ," ಅಂದಳು. ಅರ್ಧ ಗಂಟೆ ಕಳೆಯಿತು. "ಚೆನ್ನಾಗದ" ಅಂತ ಇನ್ನೊಮ್ಮೆ ಅಂದಳು. ಯಾರೂ ಕೇಳಿರಲಿಲ್ಲ.

ಆಗ ಕೆಳಗೆ ನೋಡಿದೆ. ಅವಳು ಒಂದು ಕಾಲನ್ನು ಮೆಲ್ಲಗೆ ಸೀಟಿನ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಸೀಟಿನ ಆಳ ಸಾಲದೆ ಮಂಡಿ ಮುಂದಕ್ಕೆ ಬಂದು ನಿಲ್ಲುತ್ತಿತ್ತು. ತಿರುವು ಬಂದಾಗ ಜಾರಿ, ಮತ್ತೆ ಕಾಲು ಕೆಳಗೆ. ಗಾಡಿ ನಿಲ್ಲಿಸಿ ಹಿಂದೆ ಹೋಗಿ, ಮೊಣಕಾಲಿನ ಕೆಳಗೆ ಬೆರಳಿಟ್ಟು ಒತ್ತಿದೆ. ಗುಳಿ ಬಿತ್ತು.

"ಬೇಜಾರ್ ಮಾಡ್ಕಬ್ಯಾಡ," ಅಂದಳು. "ಸೀಟು ಬಂಗಾರದಂಗದ. ನನ್ ಕಾಲು ಇಳಿಬುಟ್ರ ನೀರು ತುಂಬ್ಕತದ, ಅದು ಸೀಟಿನ್ ತಪ್ಪಲ್ಲ. ಒಂದ್ ಕೆಲ್ಸ ಮಾಡು. ಆ ದಿನ ನನ್ನ ಕೆಳಗ ಕೂರುಸ್ಬುಡು, ಸೀಟಿನ ಸಂದಿಲಿ. ಕಾಲ್ ಮಡಚ್ಕಂಡು ಹೆಂಗೋ ಬತ್ತೀನಿ."

ಕೆಳಗೆ. ಊರ ಲಾರಿಗೆಲ್ಲ ಸೀಟು ಹೊಲಿದವನ ತಾಯಿ, ಅವನ ಸ್ವಂತ ಗಾಡಿಯಲ್ಲಿ, ತಗಡಿನ ನೆಲದ ಮೇಲೆ.

ಇಷ್ಟು ದಿನ ಜಾಗ ಜಾಗ ಅಂತ ಕುಣಿದಿದ್ದೆ. ಅವಳನ್ನು ಹನೂರಿನಿಂದ ತಿರುಗಿಸಿದ್ದು ಒತ್ತಾಟ ಅಲ್ಲ, ಕಾಲು ಇಳಿಬಿಟ್ಟು ಕೂರುವ ಸೀಟೇ. ಕಾಲು ಮಡಚಿ ಜಗಲಿ ಮೇಲೆ ಇಡೀ ದಿನ ಕೂತರೂ ಅವಳಿಗೆ ಏನೂ ಆಗುತ್ತಿರಲಿಲ್ಲ, ಅದನ್ನು ದಿನಾ ನೋಡುತ್ತಿದ್ದವನು ನಾನೇ.

ಮನೆಗೆ ಬಂದು, ಜೇಬಿನಿಂದ ದಾರ ತೆಗೆದೆ. ಎರಡು ಗಂಟೂ ಇದ್ದವು. ಕಂಡಕ್ಟರ ಮುಂದೆ ನನ್ನ ಮಾನ ಕಳೆದ ಮೊದಲ ಗಂಟು, ಮಾನ ಉಳಿಸಿದ ಎರಡನೇ ಗಂಟು. ಗಾಡಿಯ ಒಳಗೆ ಹತ್ತಿ, ಮೊದಲ ಗಂಟನ್ನು ಸೀಟಿಗೆ ಅಡ್ಡ ಹಿಡಿದೆ. ಆಚೆ ಹೋಗುತ್ತದೆ ಅಂತ ಗೊತ್ತಿತ್ತು. ಹಾಗೇ ನಿಂತಿದ್ದವನು, ಯಾಕೋ ಒಂದು ತುದಿಯನ್ನು ಡ್ರೈವರ್ ಸೀಟಿನ ಬೆನ್ನಿಗೆ ಒತ್ತಿ, ದಾರವನ್ನು ಹಿಂದಿನ ಬಾಗಿಲ ಕಡೆಗೆ ಉದ್ದಕ್ಕೆ ಎಳೆದೆ.

ಗಂಟು ಒಳಗೇ ನಿಂತಿತು. ಬಾಗಿಲಿಗೆ ಇನ್ನೂ ಒಂದು ಗೇಣು ಬಾಕಿ.

ಅಷ್ಟು ದಿನ ಮೂರು ಊರು ತಿರುಗಿದಾಗಲೂ ಗಾಡಿಗೆ ಅಡ್ಡ ಹಿಡಿದಿದ್ದೆನೇ ಹೊರತು, ಒಮ್ಮೆಯಾದರೂ ಉದ್ದಕ್ಕೆ ಹಿಡಿದಿರಲಿಲ್ಲ. ಸೀಟು ಅಂದರೆ ಅಡ್ಡಕ್ಕೇ ಇರಬೇಕು ಅಂತ ಯಾರು ಹೇಳಿದ್ದು? ಜಗಲಿ ಮನೆಗೆ ಉದ್ದಕ್ಕೇ ಇರುತ್ತದಲ್ಲ.

"ಸ್ಪ್ಯಾನರ್ ತತ್ತಾ," ತಮ್ಮನಿಗೆ ಹೇಳಿದೆ.

"ಯಾಕಣ್ಣ?"

"ಸೀಟೆಲ್ಲ ಕಿತ್ತುಹಾಕಬೇಕು."

ಅವನು ನನ್ನ ಹಣೆ ಮುಟ್ಟಿ ನೋಡಿದ, ಜ್ವರ ಇದೆಯೋ ಅಂತ. ಆಮೇಲೆ ಬೋಲ್ಟು ಬಿಚ್ಚಿದ. ಅವತ್ತು ಮಂಗಳಾರತಿ ಮಾಡಿಸಿಕೊಂಡ ಗಾಡಿ, ಸಂಜೆಯೊಳಗೆ ಖಾಲಿ ಡಬ್ಬಿಯಾಗಿತ್ತು. ಮಕ್ಕಳು ಅಳುವುದಕ್ಕೆ ಶುರು ಮಾಡಿದರು. ಹೆಂಡತಿ ಹೊಸಿಲಲ್ಲಿ ನಿಂತು, "ಗಾಡಿ ತಂದದ್ದು ಬಿಚ್ಚಾಕ್ಕಾ?" ಅಂದಳು. ನನ್ನ ಕೈ ತುರಿಸುತ್ತಿತ್ತು.

ನಾಲ್ಕು ದಿನ ಅಂಗಡಿಯಲ್ಲಿ ಬೇರೆ ಯಾರ ಕೆಲಸವನ್ನೂ ಮುಟ್ಟಲಿಲ್ಲ. ಎಡಗಡೆ ಬಾಗಿಲಿರುವುದರಿಂದ ಬಲಗಡೆಗೆ ಉದ್ದಕ್ಕೂ ಹಲಗೆಯ ಚೌಕಟ್ಟು ಕಟ್ಟಿದೆ. ಅಗಲ ಎಷ್ಟು ಅನ್ನುವುದಕ್ಕೆ ಅವ್ವನನ್ನು ಚಕ್ಕಳಮಕ್ಕಳ ಕೂರಿಸಿ, ಬೆನ್ನಿಂದ ಮಂಡಿಯ ತುದಿಯವರೆಗೆ ಅಳೆದು ಮೂರನೇ ಗಂಟು ಹಾಕಿದೆ. ಈ ಸಲ ಯಾರಿಗೂ ಸುಳ್ಳು ಹೇಳಲಿಲ್ಲ. ಬೇಕಾದ ಹೊಸ ನಾರನ್ನು ತಂದು, ಬಿಸಿಲಿಗೆ ಹಾಕಿ, ಕೈಯಿಂದ ಹಿಂಜಿ ತುಂಬಿದೆ. ಮೇಲೆ ಸ್ಪಂಜು. ತಿರುವಿನಲ್ಲಿ ಜಾರಬಾರದು ಅಂತ ಮುಂದಿನ ಅಂಚನ್ನು ನಾಲ್ಕು ಬೆರಳು ಎತ್ತರಿಸಿದೆ, ಒಲೆ ಕಟ್ಟೆಯ ಅಂಚಿನ ಹಾಗೆ. ಹಿಡಿದುಕೊಳ್ಳುವುದಕ್ಕೆ ಕಿಟಕಿ ಪಕ್ಕ ಬಟ್ಟೆ ಸುತ್ತಿದ ಹಗ್ಗದ ಹಿಡಿ. ಬಾಗಿಲ ಹಿಂದಿನ ಎಡಗಡೆಯಲ್ಲಿ ಮೂರು ಮಕ್ಕಳಿಗೆ ಒಂದು ಕಿರಿದಾದ ಬೆಂಚು. ದೊಡ್ಡವಳ ಎಡಗಡೆಯ ಕಿಟಕಿ ಅವಳಿಗೇ ಉಳಿಯಿತು.

ರೆಕ್ಸಿನ್ ಯಾವ ಬಣ್ಣ ಅಂತ ಅವ್ವನನ್ನು ಕೇಳಿದೆ.

"ರೆಕ್ಸಿನ್ ಬಿಸ್ಲಿಗ ಸುಡ್ತದ," ಅಂದಳು. "ಮೇಲ ನನ್ ಕಂಬ್ಳಿ ಹಾಕ್ಕತೀನಿ. ನೀ ಕೆಳಗ ಏನಾರ ಬಣ್ಣ ಹಾಕು, ಕಾಣದಿಲ್ಲ."

ಆದರೂ ಹಾಕಿದೆ, ಕುಂಕುಮದ ಬಣ್ಣದ್ದು. ಎರಡು ಹೊಲಿಗೆ, ಮೂರನೆಯದು ಒಳಗೆ. ಕಾಣದಿದ್ದರೂ ಇರಲಿ.

ಒಕ್ಕಲಿನ ದಿನ ಬೆಳಗಿನ ಜಾವವೇ ಹೊರಟೆವು, ಒಂಬತ್ತು ಜನ ಮತ್ತು ಒಂದು ಹಿತ್ತಾಳೆ ಪಾತ್ರೆ. ಹಿಂದೆ ಹೆಂಗಸರು ಮೂವರೂ ಮಂಡಿಗೆ ಮಂಡಿ ತಾಗಿಸಿ ಕೂತು, ಕೂಸನ್ನು ಒಬ್ಬರ ಮಡಿಲಿಂದ ಒಬ್ಬರ ಮಡಿಲಿಗೆ ದಾಟಿಸುತ್ತಾ, ನಮ್ಮ ಮನೆ ಮುಂದೆ ಕೂತಿರುವ ಹಾಗೆಯೇ ಬೀದಿಯವರ ಸುದ್ದಿಯನ್ನೆಲ್ಲ ಮಾತಾಡಿದರು. ಹನೂರು ಬಂತು. ನಾನು ತಮ್ಮನಿಗೆ ನಿಲ್ಲಿಸು ಅಂದೆ. ಇಳಿದು ಬಾಗಿಲು ಜಾರಿಸಿದೆ. ಅವ್ವ ತಾನೇ ಸೀರೆ ಒಂದಿಷ್ಟು ಎತ್ತಿ, ಕಾಲು ಮುಂದಕ್ಕೆ ಚಾಚಿದಳು.

"ಒತ್ತಿ ನೋಡ್ಲಾ," ಅಂದಳು.

ಒತ್ತಿದೆ. ಬೆರಳೆತ್ತಿದರೆ ಚರ್ಮ ಹಾಗೇ ಮೇಲಕ್ಕೆ ಬಂತು. ಇನ್ನೊಂದು ಕಾಲನ್ನೂ ಒತ್ತಿದೆ. ಅದೇ ಥರ. ತಮ್ಮ ಸ್ಟೇರಿಂಗ್ ಬಿಟ್ಟು ಬಂದು ಅವನೂ ಒತ್ತಿ ನೋಡಿದ. ಆಮೇಲೆ ಮಕ್ಕಳೂ.

"ಸಾಕು ಬುಡ್ರಲಾ, ಮಾವಿನಹಣ್ಣಾ ನಾನು? ಹಾಲುಕ್ಕಿಸ್ಬೇಕು, ಓಡ್ಸು."

ಹನೂರಿನಿಂದ ಮುಂದಕ್ಕೆ ಆ ದಾರಿಯನ್ನು ಅವಳು ಮೂರು ವರ್ಷದ ಮೇಲೆ ನೋಡುತ್ತಿದ್ದಳು. ಕಾಡಿನ ಅಂಚು ಕಾಣುವುದಕ್ಕೆ ಶುರುವಾದಾಗ ಕಿಟಕಿಗೆ ಮುಖ ತಿರುಗಿಸಿದಳು. ಹಗ್ಗದ ಹಿಡಿಯನ್ನು ಮಾತ್ರ ಬಿಡಲಿಲ್ಲ.

ಲೊಕ್ಕನಹಳ್ಳಿಯಲ್ಲಿ ಚಿಕ್ಕಮ್ಮ ಮಾತಿಗೆ ತಪ್ಪಿರಲಿಲ್ಲ. ಹೊಸ ಮನೆಯ ಬಾಗಿಲಿಗೆ ತೋರಣ ಕಟ್ಟಿತ್ತು, ಬಾಗಿಲು ಮುಚ್ಚಿತ್ತು, ಪಕ್ಕದ ಕಂಬಕ್ಕೆ ಹಗ್ಗ ಸಮೇತ ಒಂದು ಹಸು ತಯಾರಾಗಿ ನಿಂತಿತ್ತು. ಅವ್ವ ಇಳಿದಾಗ ಚಿಕ್ಕಮ್ಮ ಮೊದಲು ನೋಡಿದ್ದು ಅವಳ ಕಾಲನ್ನು, ಆಮೇಲೆ ಮುಖವನ್ನು.

"ಬಂದ್ಯಾ. ಹಸುಗ ಹುಲ್ಲು ಹಾಕದ ಅಂತಿದ್ದೆ," ಅಂದಳು.

ಅಷ್ಟೇ. ಅಕ್ಕ ತಂಗಿ ಇಬ್ಬರೂ ಬಲಗಾಲಿಟ್ಟು ಒಳಗೆ ಹೋದರು. ಮೂರು ಕಲ್ಲಿಟ್ಟು ಮಾಡಿದ ಒಲೆಯ ಮೇಲೆ ಹಿತ್ತಾಳೆ ಪಾತ್ರೆ ಇಟ್ಟು ಅವ್ವ ಹಾಲು ಹುಯ್ದಳು. ಪೂರ್ವದ ಕಡೆಗೆ ಉಕ್ಕಿತು. ಹೊರಗೆ ನಿಂತಿದ್ದವರೆಲ್ಲ ಒಳಗೆ ನುಗ್ಗಿದರು, ನಾನು ನುಗ್ಗಲಿಲ್ಲ, ಹೊಗೆ ಕಣ್ಣಿಗೆ ಬಂದಿತ್ತು.

ಊಟ ಆದ ಮೇಲೆ ಚಿಕ್ಕಮ್ಮ ಗಾಡಿ ನೋಡುವುದಕ್ಕೆ ಬಂದಳು. ಕಂಬಳಿ ಎತ್ತಿ ಕೆಳಗಿನ ಕುಂಕುಮದ ಬಣ್ಣ ನೋಡಿದಳು, ಅಂಚನ್ನು ಬೆರಳಿಂದ ಸವರಿದಳು. ಆಮೇಲೆ ಒಳಗೆ ಹತ್ತಿ ಕಾಲು ಮಡಚಿ ಕೂತು, "ಅಕ್ಕೋ, ಬಾ ಇಲ್ಲಿ" ಅಂತ ಕೂಗಿದಳು. ಹೊಸ ಮನೆ ತುಂಬ ನೆಂಟರು, ಅದನ್ನು ಬಿಟ್ಟು ಇಬ್ಬರೂ ಗಾಡಿಯೊಳಗೆ ಎದುರುಬದುರಾಗಿ ಚಕ್ಕಳಮಕ್ಕಳ ಕೂತು, ಮಧ್ಯೆ ಎಲೆಯಡಿಕೆ ತಟ್ಟೆ ಇಟ್ಟುಕೊಂಡರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಸೀಟು ಹೇಗಿದೆ ಅಂತ ಇಬ್ಬರಲ್ಲಿ ಒಬ್ಬರಾದರೂ ಹೇಳಲಿ ಅಂತ.

"ಏನ್ಲಾ ನಿಂತಿದ್ದೀಯ ಅಲ್ಲೇ," ಅವ್ವ ಅಂದಳು. "ಬಾಗ್ಲು ಎಳಿ, ನೊಣ ಬತ್ತವ."

ಬಾಗಿಲು ಎಳೆದೆ. ಒಳಗಿನಿಂದ ಇಬ್ಬರೂ ನಗುವುದು ಕೇಳಿಸಿತು.